ಗೋಡೆಬರಹ

ಬ್ರಹ್ಮನು ಹಣೆಯ ಮೇಲೆ ಬರೆದುದನ್ನು ಬರೆಸಿಕೊಂಡವನು ಅಳಿಸಲಾರನು, ಬರೆದವನನ್ನು ಹುಡುಕಿ ಹಿಡಿದು ಜಗಳವಾಡಲಾರನು ಎಂದು ಹಿರಿಯರು ಹೇಳುತ್ತಿದ್ದುದನ್ನು ಬಾಲ್ಯದಿಂದಲೂ ಕೇಳುತ್ತ ಬಂದವನಾದರೂ, ಅದೇ ನಿಯಮ ಮನೆಯ ಕಂಪೌಂಡ್ ಗೋಡೆಗೂ ಅನ್ವಯಿಸುತ್ತದೆಂಬುದು ನನಗೆ ತಿಳಿದುಬಂದುದು ಮಾಸ್ತರಿಕೆಯಿಂದ ನಿವೃತ್ತನಾಗಿ ಮೂಡಲಗಿಯಲ್ಲಿ ಸ್ವಂತದ್ದೊಂದು ಗೋಡೆಯನ್ನು ಸಂಪಾದಿಸಿದ ಮೇಲೆಯೇ. ಬ್ರಹ್ಮನ ಪರವಾಗಿ ಒಂದು ಮಾತು ಹೇಳಬೇಕು: ಅವನು ತನ್ನ ಬರಹದ ಕೆಳಗೆ ಮೊಬೈಲ್ ನಂಬರನ್ನು ಹಾಕುವುದಿಲ್ಲ.

ಒಂದು ಮುಂಜಾನೆ ಹಾಲಿನವನ ಕೂಗಿಗೆ ಓಗೊಟ್ಟು ಹೊರಬಂದ ನನಗೆ, ಹಿಂದಿನ ಸಂಜೆಯವರೆಗೆ ನಿಷ್ಕಳಂಕವಾಗಿದ್ದ ಗೋಡೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ‘ಎನ್.ಎ. ಪ್ಲಾಟ್ ಮಾರಾಟಕ್ಕಿವೆ’ ಎಂಬ ಘೋಷಣೆಯೂ, ಅದರಡಿಯಲ್ಲಿ ಹತ್ತು ಅಂಕಿಗಳ ಸಂಖ್ಯೆಯೂ, ಪಕ್ಕದಲ್ಲಿ ದಪ್ಪನೆಯದೊಂದು ಬಾಣವೂ ಗೋಚರಿಸಿದವು. ಹೋದ ಸುಗ್ಗಿಯವರೆಗೆ ಕಬ್ಬು ನಿಂತಿದ್ದ, ನಮ್ಮ ಹಿತ್ತಲಿನಾಚೆಯ ಹೊಲವನ್ನು ತೋರಿಸುವುದೇ ಬಾಣದ ಉದ್ದೇಶವಾಗಿದ್ದಿರಬೇಕು. ಆದರೆ ಬರೆದವನಿಗೆ ಬಣ್ಣವೋ ತಾಳ್ಮೆಯೋ ನಡುವೆಯೇ ತೀರಿಹೋದುದರಿಂದ ಅದರ ಮೊನೆ ನೇರವಾಗಿ ನಮ್ಮ ಬಾಗಿಲಿಗೆ ಬಂದು ನಾಟಿತ್ತು.

ಗೋಕಾಕ ತಾಲೂಕಿನ ಒಂದು ಊರಾಗಿದ್ದ ಮೂಡಲಗಿ 2018ರಲ್ಲಿ ತಾನೇ ತಾಲೂಕಾಯಿತಷ್ಟೆ. ತಹಶೀಲ್ದಾರರ ಕಚೇರಿ ಬರುತ್ತದೆಂದ ಮೇಲೆ ಅದರ ಹಿಂದೆ ಗುಮಾಸ್ತರು ಬರುವರು, ಗುಮಾಸ್ತರ ಹಿಂದೆ ಜೆರಾಕ್ಸ್ ಅಂಗಡಿ ಬರುವುದು, ಇವರೆಲ್ಲರಿಗೂ ಮನೆ ಬೇಕಾಗುವುದು ಎಂಬ ತರ್ಕದ ಬಲದಿಂದ, ಘಟಪ್ರಭೆಯ ಎಡದಂಡೆ ಕಾಲುವೆಯ ನೀರು ಕುಡಿದು ಕೊಬ್ಬಿದ್ದ ಕರಿಯ ನೆಲವು ಬೆಳೆಯುವುದನ್ನು ಬಿಟ್ಟು ಸಿಮೆಂಟಿನ ಕಲ್ಲುಗಳನ್ನು ಹೆರತೊಡಗಿತು. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರ ಅಡಿ ಎಂಬ ಕೋಷ್ಟಕವನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದುದು ವ್ಯರ್ಥವಾಗಲಿಲ್ಲ. ಅವರಲ್ಲಿ ಅನೇಕರು ಈಗ ಪ್ಲಾಟಿನ ವ್ಯವಹಾರದಲ್ಲಿದ್ದಾರೆ.

ದಲಾಲಿ ನಮ್ಮ ಊರಿಗೆ ಹೊಸದೇನೂ ಅಲ್ಲ. ಇಲ್ಲಿಯ ದನದ ಪೇಟೆಯನ್ನು ಕಂಡವರು ಅಲ್ಲಿಯ ವ್ಯಾಪಾರದ ಗಾಂಭೀರ್ಯವನ್ನೂ ಕಂಡಿರುತ್ತಾರೆ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಬೆನ್ನು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆ ದಲಾಲನು ಕೊಳ್ಳುವವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಎರಡರ ಮೇಲೂ ಟವಲನ್ನು ಹೊದಿಸಿ, ಆ ಕತ್ತಲೆಯಲ್ಲಿ ಬೆರಳುಗಳನ್ನು ಒತ್ತಿ ಬೆಲೆಯನ್ನು ನುಡಿಯುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬನಿಗೂ ಸಂಖ್ಯೆ ತಿಳಿಯದು. ಎತ್ತಿಗಂತೂ ಕೊನೆಯವರೆಗೂ ತಿಳಿಯದು. ಮಾರುವ ವಸ್ತುವನ್ನು ಎದುರಿಗೆ ನಿಲ್ಲಿಸಿಕೊಂಡೂ ಮಾತನ್ನು ಬಚ್ಚಿಡುವ ಈ ಸಂಸ್ಕೃತಿಯಲ್ಲಿ ಬೆಳೆದ ನನಗೆ, ವಸ್ತು ಎಲ್ಲಿಯೋ ಇದ್ದು ಮಾತು ಮಾತ್ರ ಪರರ ಗೋಡೆಯ ಮೇಲೆ ಮೊಳದುದ್ದ ನಿಲ್ಲುವ ನೂತನ ಪದ್ಧತಿ ಸಹ್ಯವಾಗಲಿಲ್ಲ.

ಪರಿಣಾಮಗಳು ಅಂದೇ ಆರಂಭವಾದವು. ಬಾಣವನ್ನು ನಂಬಿ ಬಂದವರಿಗೆ ಹೊಲ ಹಿಂದಿದೆಯೆಂದು ನಾನು ದಾರಿ ತೋರಿಸಿದೆ. ಬಾಣವನ್ನು ನಂಬಿ ಬಾರದಿದ್ದವರು, ಎಂದರೆ ನಮ್ಮ ಬಂಧುಬಳಗದವರು, ದೂರದಿಂದಲೇ ನಮ್ಮ ದಾರಿದ್ರ್ಯವನ್ನು ಊಹಿಸಿಕೊಂಡರು. ಪುಣೆಯಲ್ಲಿರುವ ಮಗ ಕರೆಮಾಡಿ, ತನಗೊಂದು ಮಾತು ತಿಳಿಸದೆ ಮನೆ ಮಾರುವಂಥದು ಏನಾಯಿತೆಂದು ಕೇಳಿದನು. ಹಾಲಿನವನು ಎಂದೂ ಕೇಳದಿದ್ದ ಬಾಕಿಯನ್ನು ವಿನಯದಿಂದ ಜ್ಞಾಪಿಸಿದನು. ಹುಕ್ಕೇರಿಯ ಬೀಗರು ಮಾತ್ರ ನನ್ನ ದುಃಖವನ್ನು ಬೇರೊಂದು ದಿಕ್ಕಿನಿಂದ ನೋಡಿದರು. ಅಲ್ಲಿ 1969ರಿಂದಲೂ ವಿದ್ಯುತ್ತನ್ನು ಹಂಚುವುದು ಗ್ರಾಹಕರದೇ ಸಹಕಾರಿ ಸಂಘವಾದುದರಿಂದ, “ನಮ್ಮಲ್ಲೆ ಇವರು ಲೈಟಿನ ಕಂಬಕ್ಕ ಬೋರ್ಡ್ ಬಡೀತಾರ್ರಿ. ಕಂಬಾ ನಮ್ಮ ಸಂಘದ್ದು, ಸಂಘ ನಮ್ಮದು; ಬೈಯೂದಾದ್ರ ನಮ್ಮನ್ನ ನಾವ ಬೈಕೋಬೇಕು” ಎಂದು ಅವರು ನಿಟ್ಟುಸಿರು ಬಿಟ್ಟರು.

ನಾನು ಸುಣ್ಣ ತರಿಸಿದೆ. ಎರಡು ಕೈ ಬಳಿಸಿದ ಮೇಲೆ ಗೋಡೆ ಹಾಲಿನಂತೆ ಹೊಳೆಯಿತು. ಅಂತಹ ಹೊಳೆಯುವ ಗೋಡೆಗಾಗಿಯೇ ಆ ವೃತ್ತಿಯವರು ಊರೆಲ್ಲ ಅಲೆಯುತ್ತಿರುತ್ತಾರೆಂಬುದನ್ನು ನಾನು ಯೋಚಿಸಿರಲಿಲ್ಲ. ದೇವರ ಚಿತ್ರವಿರುವ ಹೆಂಚುಗಳನ್ನು ಅಂಟಿಸುವಂತೆ ನೆರೆಯವರು ಕೊಟ್ಟ ಸಲಹೆಯನ್ನೂ ಪಾಲಿಸಿದೆ. ಆ ಉಪಾಯ ಬೇರೊಂದು ಬಗೆಯ ಗೋಡೆಪೀಡೆಗೆ ರಾಮಬಾಣವೆನಿಸಿರಬಹುದು. ಇಲ್ಲಿ ಮಾತ್ರ ಮೂರನೆಯ ದಿನವೇ ದೇವರ ಕೆಳಗೆ, ಆಮಂತ್ರಣ ಪತ್ರಿಕೆಯಲ್ಲಿ ಇರುವಂತೆಯೇ ಒಪ್ಪವಾಗಿ, ಪ್ಲಾಟಿನ ಒಕ್ಕಣೆ ಮತ್ತೆ ಮೂಡಿತು.

ಗೋಕಾಕದಲ್ಲಿ ವಕೀಲಿ ಮಾಡುವ ನನ್ನ ಸೋದರಳಿಯನು ನನಗೆ ಶಸ್ತ್ರಗಳನ್ನು ಒದಗಿಸಿದನು. ತೆರೆದ ಸ್ಥಳಗಳ ವಿರೂಪವನ್ನು ತಡೆಯಲು ಕರ್ನಾಟಕದಲ್ಲಿ 1981ರಷ್ಟು ಹಿಂದೆಯೇ ಕಾಯ್ದೆಯಾಗಿದೆ. ದಾರಿಹೋಕರ ಕಣ್ಣಿಗೆ ಬೀಳುವ ಖಾಸಗಿ ಗೋಡೆಯೂ ಅದರ ರಕ್ಷಣೆಯಲ್ಲಿದೆ. ಅಪ್ಪಣೆಯಿಲ್ಲದೆ ಜಾಹೀರಾತು ಬರೆದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಸಾಲದುದಕ್ಕೆ ಜನರು ‘ರೇರಾ’ ಎನ್ನುವ 2016ರ ಕಾಯ್ದೆಯ ಮೇರೆಗೆ 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ನೋಂದಾಯಿಸದೆ ಜಾಹೀರು ಮಾಡುವಂತಿಲ್ಲ; ಅಂಥಲ್ಲಿ ಪ್ಲಾಟ್ ಮಾರಿಸುವ ಏಜಂಟನಿಗೂ ನೋಂದಣಿ ಸಂಖ್ಯೆ ಇರಬೇಕು. ಇಷ್ಟನ್ನು ಕಂಠಸ್ಥ ಮಾಡಿಕೊಂಡು ನಸುಕಿನಲ್ಲಿ ಬೇವಿನ ಮರದ ಹಿಂದೆ ಕಾದು ನಿಂತ ನನ್ನ ಕೈಗೆ ಕೊನೆಗೂ ಸಿಕ್ಕವನು ಡಬ್ಬಿ, ಕುಂಚ ಹಿಡಿದ ಇಪ್ಪತ್ತರ ಒಬ್ಬ ಹುಡುಗ.

“ನಂಬರ್ ಎಲ್ಲೈತೋ?” ಎಂದು ನಾನು ಶಾಲೆಯ ದನಿಯಲ್ಲಿ ಗದರಿದೆ.

“ಬರದೇನಲ್ರೀ ಸರ” ಎಂದು ಅವನು ಗೋಡೆಯನ್ನು ತೋರಿಸಿದನು. “ಎಣಿಸಿ ನೋಡ್ರಿ, ಹತ್ತೂ ಅಂಕಿ ಅದಾವ. ಚೀಟಿ ಸೈತ ಬೇಕಿಲ್ರಿ ನನಗ, ಬಾಯಿಪಾಠ ಐತಿ.”

ಆರು ತಿಂಗಳ ಸೆರೆಮನೆಗೂ ಆ ಮುಖಕ್ಕೂ ಹೊಂದಾಣಿಕೆಯಾಗದೆ ನಾನು ಅವನನ್ನು ಬಿಟ್ಟುಬಿಟ್ಟೆ. ಬಿಡುವ ಮುನ್ನ ಚಹಾ ಕುಡಿಸಿದೆನೆಂಬುದನ್ನು ಅಳಿಯನಿಗೆ ತಿಳಿಸಿಲ್ಲ.

ಉಳಿದುದು ಸಂಖ್ಯೆಗೆ ಕರೆಮಾಡುವುದೊಂದೇ. ‘ಮಹಾಶಯರೇ’ ಎಂದು ಆರಂಭವಾಗುವ ಒಂದು ಖಂಡನೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಕರೆಮಾಡಿದರೆ, ಆ ಮಹಾಶಯನು ನನಗೆ ಬಾಯಿ ತೆರೆಯಗೊಡದೆ, “ಪ್ಲಾಟ್ ಇಲ್ರಿ, ಬೆಲ್ಲ ಐತಿ, ಎಷ್ಟ ಬೇಕು?” ಎಂದನು. ವಿಚಾರಿಸಲಾಗಿ ಅವನು ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ. ಹುಡುಗನ ಬಾಯಿಪಾಠದಲ್ಲಿ ಆರು ಎಂಬುದು ತಲೆಕೆಳಗಾಗಿ ಒಂಬತ್ತಾದುದರಿಂದ ಮೂಡಲಗಿಯ ಪ್ಲಾಟುಗಳ ವಿಚಾರಣೆಯೆಲ್ಲವೂ ತಿಂಗಳುಗಟ್ಟಲೆ ಆ ಬಡಪಾಯಿಯ ಕಿವಿಗೆ ಸುರಿದಿತ್ತು. ಮೊದಲು ಸಿಟ್ಟಾದನಂತೆ, ಬಳಿಕ ಅತ್ತನಂತೆ, ಆಮೇಲೆ ವ್ಯಾಪಾರಿಯಾದುದರಿಂದ ಕರೆಮಾಡಿದವರಿಗೆಲ್ಲ ಬೆಲ್ಲ ಮಾರತೊಡಗಿದನಂತೆ. “ಗ್ವಾಡಿ ನಿಮ್ಮದೇನ್ರಿ? ಅಳಸಬ್ಯಾಡ್ರಿ ಯಜಮಾನ್ರ, ನಿಮ್ಮ ಉಪಕಾರ ಮರಿಯೂದಿಲ್ಲ” ಎಂದು ಅವನು ಕೈಮುಗಿದ ಸದ್ದು ನನಗೆ ಕೇಳಿಸಿದಂತಾಯಿತು.

ಹೀಗೆ ಅಳಿಸಲಾರದೆ, ಇರಿಸಿಕೊಳ್ಳಲೂ ಆರದೆ, ನಾನು ಮಧ್ಯಮಮಾರ್ಗವನ್ನು ಹಿಡಿದು, ಬಾಣದ ಮೊನೆಯ ಹತ್ತಿರ ಸ್ವಹಸ್ತದಿಂದ, ಕಾಗುಣಿತದ ತಪ್ಪಿಲ್ಲದೆ, ‘ಈ ಮನೆ ಮಾರಾಟಕ್ಕಿಲ್ಲ’ ಎಂದು ಬರೆದೆ. ನಾಡಿನ ಎಷ್ಟೋ ಖಾಲಿ ಜಾಗಗಳ ಮೇಲೆ ಈ ವಾಕ್ಯವನ್ನು ಓದಿದ್ದೆನೇ ಹೊರತು, ಓದಿದವರು ಅದಕ್ಕೆ ಯಾವ ಭಾಷ್ಯ ಹೇಳುತ್ತಾರೆಂಬುದನ್ನು ನಾನು ಕೇಳಿರಲಿಲ್ಲ. ಮರುದಿನವೇ ಪೇಟೆಯ ಒಬ್ಬ ಮುದುಕ ದಲಾಲರು ಹೆಗಲ ಟವಲನ್ನು ಸರಿಪಡಿಸಿಕೊಳ್ಳುತ್ತ ಬಂದು ಕಟ್ಟೆಯ ಮೇಲೆ ಕುಳಿತರು. ಮಾರಾಟಕ್ಕಿಲ್ಲವೆಂದು ಬರೆದಿರುವುದನ್ನು ನೋಡಿಯೇ ಬಂದಿರಾ ಎಂದು ನಾನು ಕೇಳಿದುದಕ್ಕೆ, “ಅದನ್ನ ನೋಡೇ ಬಂದೇನ್ರಿ ಮಾಸ್ತರ್ರ. ಹಂಗ ಬರದಾರಂದ್ರ ಅಣ್ಣತಮ್ಮಂದಿರ ತಕರಾರ ಇರತೈತಿ. ತಕರಾರ ಇದ್ದದ್ದು ಅಗ್ಗಕ್ಕ ಸಿಗತೈತಿ” ಎಂದು ಮುಚ್ಚುಮರೆಯಿಲ್ಲದೆ ನುಡಿದು, ಕಂಬವನ್ನು ಬೆರಳಿನಿಂದ ಬಡಿದು, ಛಾವಣಿಯನ್ನು ನೋಡಿ ನಾಲಗೆ ಲೊಚಗುಟ್ಟಿ, ಎತ್ತಿನ ಹಲ್ಲು ನೋಡುವವರಂತೆ ಹೊಸ್ತಿಲನ್ನು ಬಗ್ಗಿ ನೋಡಿದರು. ಮಾರುವ ವಿಚಾರ ನನ್ನ ಕನಸಿನಲ್ಲಿಯೂ ಇರಲಿಲ್ಲ. ಆದರೂ ಆ ಲೊಚಗುಟ್ಟುವಿಕೆಯಿಂದ ನನಗೆ ಅವಮಾನವಾಗಿ, ತೇಗದ ಬಾಗಿಲು, ಸಿಹಿನೀರಿನ ಬೋರು, ಮೂಡಣದ ಗಾಳಿ ಮೊದಲಾದ ಗುಣಗಳನ್ನು ವರ್ಣಿಸತೊಡಗಿದೆ. ಅಷ್ಟರಲ್ಲಿ ಅವರು ನನ್ನ ಬಲಗೈಯನ್ನು ಹಿಡಿದರು. ಟವಲು ಮೇಲೆ ಬಂದಿತು. ಕತ್ತಲೆಯಲ್ಲಿ ಮೂರು ಬೆರಳುಗಳು ಒತ್ತಲ್ಪಟ್ಟವು. ಕೈಹಿಡಿದವರ ಕೈಯನ್ನು ಮರಳಿ ಹಿಡಿಯುವುದು ಶಿಷ್ಟಾಚಾರವೆಂದು ನಾನೂ ಒತ್ತಿದೆ.

“ಆತ ಬಿಡ್ರಿ” ಎಂದರು ಮುದುಕರು, ಪ್ರಸನ್ನವದನರಾಗಿ. “ನಿಮ್ಮ ಮಾತ ಒಪ್ಪಿದೆ.”

ನಾನು ಯಾವ ಮಾತನ್ನೂ ಆಡಿರಲಿಲ್ಲ.

ಚಹಾದ ಕಪ್ಪುಗಳೊಡನೆ ಹೊರಬಂದ ನನ್ನ ಹೆಂಡತಿ ಟವಲನ್ನೂ ಅದರಡಿಯ ಉಬ್ಬನ್ನೂ ನೋಡಿ, “ಏನ್ ಕಾಲ ಬಂತೋ ಕಾಕಾ! ನನ್ನ ಕೈ ಹಿಡದವರು ನಿಮ್ಮ ಕೈ ಹಿಡದು ಮನಿ ಮಾರಾಕ ಹತ್ಯಾರು” ಎಂದಳು. ಮುದುಕರು ಒಡನೆ ಟವಲನ್ನು ಎಳೆದುಕೊಂಡು, ಮನೆಯವ್ವನ ಒಪ್ಪಿಗೆಯಿಲ್ಲದ ವ್ಯಾಪಾರ ವ್ಯಾಪಾರವೇ ಅಲ್ಲವೆಂದು ತೀರ್ಪಿತ್ತು, ಚಹಾ ಕುಡಿದು ಎದ್ದರು. ನಾನು ಎಷ್ಟಕ್ಕೆ ಮನೆ ಮಾರಿದ್ದೆನೆಂಬುದನ್ನಾದರೂ ತಿಳಿಸಿರೆಂದು ಗೇಟಿನವರೆಗೂ ಹಿಂಬಾಲಿಸಿ ಕೇಳಿಕೊಂಡೆ. “ಟವಲಿನ ಕೆಳಗಿನ ಮಾತ ಹೊರಗ ಹೇಳಬಾರದ್ರಿ” ಎಂದು ಅವರು ಹೊರಟುಹೋದರು.

ಆಷಾಢದ ಮಳೆಗೆ ನನ್ನ ‘ಇಲ್ಲ’ ಮೊದಲು ಕರಗಿ, ಈ ಮನೆ ಮಾರಾಟಕ್ಕೆ ಎಂಬಷ್ಟು ಮಾತ್ರ ಉಳಿದಿದ್ದಿತು. ಅದನ್ನು ನಾನೇ ಉಜ್ಜಿ ತೆಗೆದೆ. ಮಹಾಲಿಂಗಪುರದಿಂದ ಬಸ್ಸಿನವನ ಕೈಯಲ್ಲಿ ಎರಡು ದೊಡ್ಡ ಪೆಂಟೆ ಬೆಲ್ಲ ಬಂದಿದ್ದವು. ನಾಲ್ಕು ತಿಂಗಳ ಹೋಳಿಗೆ, ಮಾದಲಿಗಳಿಗೆ ಅವು ಒದಗಿದವು. ಮೊನ್ನೆ ಗೋಡೆಗೆ ಸುಣ್ಣ ಹೊಡೆಸುವ ವಿಚಾರವನ್ನು ನಾನು ಮತ್ತೆ ಎತ್ತಿದಾಗ, ಹೆಂಡತಿ ಹೊರಗೆ ಹೋಗಿ ಮಾಸಿದ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ ಬಂದು ಹೇಳಿದಳು:

“ಸುಣ್ಣ ಇರ್ಲಿ ಬಿಡ್ರಿ. ಆ ನಂಬರಿಗೆ ಒಂದೀಟ ಕೆಂಪು ಬಣ್ಣ ಹಚ್ಚಸ್ರಿ. ಬೆಲ್ಲ ತೀರಾಕ ಬಂದೈತಿ.”