ಕದ್ದು ಕೇಳುವ ಸಾಹೇಬರಿಗೆ

ಮಾನ್ಯ ಸಾಹೇಬರೇ,

ನಿಮ್ಮ ಹೆಸರು, ಹುದ್ದೆ, ಕಚೇರಿ ಯಾವುದೂ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಮ್ಮವು ನಿಮಗೆ ಗೊತ್ತಿರುತ್ತವೆ ಎಂಬ ಧೈರ್ಯ.

ಮೊದಲು ಕೃತಜ್ಞತೆ. ನಿಮ್ಮ ವಿದ್ಯೆಯಿಂದ ನಮ್ಮ ಸೀಮೆಗೆ ಲಾಭವೇ ಆಗಿದೆ. 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆಯ ಗದ್ದಲಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಎಸ್.ಆರ್. ಬೊಮ್ಮಾಯಿ ಬಂದರು. 2019ರ ಆಗಸ್ಟ್‌ನಲ್ಲಿ ಮೈತ್ರಿ ಸರ್ಕಾರದ ಕಾಲದ ಕದ್ದಾಲಿಕೆ ಆರೋಪ ಸಿಬಿಐಗೆ ಹೋಯಿತು. ಅದೇ ತಿಂಗಳು ಬೊಮ್ಮಾಯಿಯವರ ಮಗ, ನಮ್ಮ ಆಗಿನ ಶಿಗ್ಗಾವಿ ಶಾಸಕರು, ಗೃಹ ಸಚಿವರಾದರು. ಹಿರೇಕೆರೂರಿನ ಶಾಸಕರಾಗಿದ್ದ ಬಿ.ಸಿ. ಪಾಟೀಲರೊಂದಿಗೆ ನಡೆದದ್ದೆನ್ನಲಾದ ಫೋನ್ ಮಾತನ್ನು 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ಸೇ ಬಿಡುಗಡೆ ಮಾಡಿ ಇಡೀ ರಾಜ್ಯಕ್ಕೆ ಕೇಳಿಸಿತು. ಅದಕ್ಕೆ ನಿಮ್ಮ ನೆರವೂ ಬೇಕಾಗಲಿಲ್ಲ.

ದೊಡ್ಡವರ ಫೋನಾದರೆ ಸುದ್ದಿ, ತನಿಖೆ. ನಮ್ಮಂಥವರದಾದರೆ? ಹಾನಗಲ್ ತಹಶೀಲ್ದಾರ್ ಕಚೇರಿ ಮುಂದೆ ರೈತರು ಧರಣಿ ಕೂತರೆ ಪೊಲೀಸ್ ಸ್ಪೆಷಲ್ ಬ್ರಾಂಚ್ (ಎಸ್‌ಬಿ) ಪೇದೆ ಬರುವುದು ಹಳೇ ಪದ್ಧತಿ. ನೆರಳು ನೋಡಿ ಬೈಕ್ ನಿಲ್ಲಿಸಿ, "ಎಷ್ಟ್ ಮಂದಿ ಕೂಡ್ತೀರಿ ಯಜಮಾನ್ರ? ಭಾಷಣ ಯಾರ್‍ದೈತಿ?" ಅಂತ ಕೇಳಿ ಬರೆದುಕೊಳ್ಳುತ್ತಾನೆ. ಮನವಿಯ ಪ್ರತಿಯೊಂದನ್ನು ಇಸಗೊಳ್ಳುತ್ತಾನೆ. ಚಹಾ ಕುಡಿಯುತ್ತ ತನ್ನಪ್ಪನ ಹೊಲಕ್ಕೂ ಬೆಳೆವಿಮೆ ಬಂದಿಲ್ಲವೆಂದು ಗೊಣಗುತ್ತಾನೆ. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರಲ್ಲಿ ಇಬ್ಬರು ಪೊಲೀಸರ ಗುಂಡಿಗೆ ಸತ್ತ ಜಿಲ್ಲೆ ಇದು. ನಮ್ಮ ಮೇಲೆ ಕಣ್ಣಿಡಲು ಇಲಾಖೆಗೆ ಅಷ್ಟು ಕಾರಣ ಸಾಕಾಯಿತು. ಇಲಾಖೆಯ ಮೇಲೆ ಕಣ್ಣಿಡಲು ನಮಗೆ ಸಾಕಾಗಲಿಲ್ಲ. ಆದರೂ ಆ ಪೇದೆಯ ಬಗ್ಗೆ ದೂರಿಲ್ಲ. ಅವನ ಮುಖವಾದರೂ ಕಾಣುತ್ತದೆ.

ನಿಮಗೆ ಬೈಕೂ ಬೇಡ, ಚಹಾವೂ ಬೇಡ. ಮೊಬೈಲ್ ಕಂಪನಿಗೊಂದು ಇ-ಮೇಲ್ ಹೋದರೆ ಯಾರು ಯಾರೊಡನೆ, ಎಷ್ಟು ಹೊತ್ತು, ಯಾವ ಟವರಿನಡಿ ನಿಂತು ಮಾತಾಡಿದರೆಂಬ ಸಿಡಿಆರ್ ಬಂದು ಬೀಳುತ್ತದೆ. ಧರಣಿ ದಿನ ಆ ಟವರಿನಡಿ ಇದ್ದ ಎಲ್ಲ ಫೋನುಗಳ ಪಟ್ಟಿ, ಅಂದರೆ ಟವರ್ ಡಂಪ್, ತರಿಸಿದರಂತೂ ಪಹಣಿ ತಿದ್ದಿಸಲು ಬಂದ ಮುದುಕಿಯೂ ಚಳವಳಿಗಾರ್ತಿ. ಸವಣೂರಿನ ಎಲೆ ವ್ಯಾಪಾರಿಯ ಮಾತು ಕೇಳುವಾಗ ತುಸು ತಾಳ್ಮೆಯಿರಲಿ. "ಮಾಲು ರಾತ್ರಿ ಬಸ್ಸಿಗೆ ಹಾಕೇನಿ, ಮುಂಜಾನೆ ಇಳಿಸ್ಕೊ, ರೊಕ್ಕ ಆಮ್ಯಾಲೆ" ಅಂದರೆ ವೀಳ್ಯದೆಲೆ, ಬೇರೇನಲ್ಲ.

ನನಗಿರುವುದು ಬರೀ ಹೊಟ್ಟೆಕಿಚ್ಚು. ನಿಮ್ಮ ದಾಖಲೆಗಳು ಅದು ಹೇಗೆ ಸದ್ದಿಲ್ಲದೆ ಒಂದನ್ನೊಂದು ಸೇರುತ್ತವೆ? ನಮ್ಮವು ಜಪ್ಪಯ್ಯ ಅಂದರೂ ಸೇರುವುದಿಲ್ಲ. ಮೆಕ್ಕೆಜೋಳ ಬಿತ್ತಿ ವಿಮೆ ಕಟ್ಟಿದ ಹಿರೇಕೆರೂರಿನ ರೈತ ಆಧಾರ್‌ನಲ್ಲಿ ಬಸಪ್ಪ, ಪಹಣಿಯಲ್ಲಿ ಬಸವಣ್ಣೆಪ್ಪ, ಬೆಳೆ ಸಮೀಕ್ಷೆಯಲ್ಲಿ ಅವನ ಹೊಲದ ತುಂಬ ಹತ್ತಿ. ರೈತನ ಗುರುತಿನ ಸಂಖ್ಯೆ ಎಫ್‌ಐಡಿ ಜೋಡಣೆಯಾಗಿಲ್ಲ, ಸರ್ವರ್ ಡೌನ್, ಸೋಮವಾರ ಬಾ. ಅದೇ ಬಸಪ್ಪ ಹಸಿರು ಶಾಲು ಹೆಗಲಿಗೇರಿಸಿ ರಸ್ತೆಗಿಳಿಯಲಿ, ಅವನ ಸಿಮ್ಮು, ಗಾಡಿ ನಂಬರು, ಹಳೇ ಕೇಸು ಎಲ್ಲ ಒಂದೇ ಗಂಗಾಳದಲ್ಲಿ ಉಣ್ಣಲು ಕೂತುಬಿಡುತ್ತವೆ. ನಿಮ್ಮ ಸರ್ವರನ್ನು ಒಂದು ಹಂಗಾಮಿಗಾದರೂ ಕೃಷಿ ಇಲಾಖೆಗೆ ಕೊಡಿಸಿ.

ಕಾನೂನಿಲ್ಲವೆಂದು ಹೇಳುತ್ತಿಲ್ಲ. ಸುಪ್ರೀಂ ಕೋರ್ಟಿನ 1996ರ ಪಿಯುಸಿಎಲ್ ತೀರ್ಪಿನ ತರುವಾಯ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆದೇಶದ ಆಯುಷ್ಯ 60 ದಿನ, ಹೆಚ್ಚೆಂದರೆ 180. ಪರಿಶೀಲನೆಗೆ ಸಮಿತಿಯೂ ಉಂಟು, ಅಲ್ಲಿ ಕೂರುವವರೂ ಸರ್ಕಾರದ ಅಧಿಕಾರಿಗಳೇ. ಫೋನಿನವನಿಗೆ ಮಾತ್ರ ಯಾರೂ ಏನೂ ತಿಳಿಸಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ದತ್ತಾಂಶ ರಕ್ಷಣೆಗೆ ಕಾಯ್ದೆ ಮಾಡಿದಾಗ, ತಾನು ಹೆಸರಿಸುವ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಹಿತ್ತಲ ಬಾಗಿಲನ್ನು ಕೇಂದ್ರ ಸರ್ಕಾರ ಮರೆಯದೆ ಇಟ್ಟುಕೊಂಡಿತು.

ಕೊನೆಗೊಂದು ಅರಿಕೆ. ಕೇಳಿದ್ದನ್ನು, ಮುಂದೆ ಬೇಕಿಲ್ಲವಾದರೆ, ಆರು ತಿಂಗಳಿಗೊಮ್ಮೆ ನಾಶ ಮಾಡಬೇಕೆಂಬ ನಿಯಮವಿದೆ. ಅದಕ್ಕೂ ಮುಂಚೆ ನನ್ನದರ ನಕಲೊಂದು ಕೊಡಿ. ಮಾಹಿತಿ ಹಕ್ಕಿನ ದರದಂತೆ ಪುಟಕ್ಕೆ 2 ರೂಪಾಯಿ ಕಟ್ಟುತ್ತೇನೆ. ವಾರದೊಳಗೆ ರೊಕ್ಕ ಖಾತೆಗೆ ಬರುತ್ತದೆಂದು ವಿಮಾ ಕಂಪನಿಯ ಸಹಾಯವಾಣಿಯವನು ಹೇಳಿದ್ದು ನಿಮ್ಮಲ್ಲಿ ರೆಕಾರ್ಡ್ ಆಗಿರಬೇಕು. ಈಗ ಅವನು ಹಾಗೆ ಹೇಳೇ ಇಲ್ಲ ಅನ್ನುತ್ತಿದ್ದಾನೆ.

ಇಂತಿ,
ಒಬ್ಬ ಚಂದಾದಾರ