ಬಾಣಂತಿ ಕೊಕ್ಕರೆಯೂ ನನ್ನ ಬ್ಯಾಟರಿಯೂ

ನಮ್ಮ ಮನೆಯಲ್ಲಿ ಈಗ ಯಾರೂ ಗಂಟೆ ಕೇಳುವುದಿಲ್ಲ, ವೋಲ್ಟು ಕೇಳುತ್ತಾರೆ. "ಎಷ್ಟಾಯ್ತು?" ಎಂದು ನನ್ನಾಕೆ ಅಡುಗೆಮನೆಯಿಂದ ಕೂಗುತ್ತಾಳೆ. "ಹನ್ನೆರಡು ಪಾಯಿಂಟ್ ಐದು" ಎಂದು ನಾನು ಜಗಲಿಯಿಂದ ಕೂಗುತ್ತೇನೆ. ಹಾಗಂದರೆ ಚಟ್ನಿ ಮಿಕ್ಸಿಗೆ ಹಾಕಬಹುದು. ಹನ್ನೆರಡು ಪಾಯಿಂಟ್ ಎರಡಾದರೆ ಒರಳುಕಲ್ಲು. ಅದಕ್ಕೂ ಕೆಳಗಿಳಿದರೆ ಉಪ್ಪಿನಕಾಯಿ.

ಮದ್ದೂರಿಗೂ ಮಳವಳ್ಳಿಗೂ ನಡುವೆ, ಶಿಂಷಾ ಹೊಳೆಗೆ ಹತ್ತಿರ, ತೋಟದಲ್ಲಿ ಮನೆ ಕಟ್ಟಿ ಕರೆಂಟಿಗೆ ಅರ್ಜಿ ಹಾಕಿದ್ದೆ. ಕಬ್ಬು ಕಟಾವಾಯಿತು, ಕೂಳೆಯೂ ಮುಗಿಯಿತು, ಕಂಬ ಬರಲಿಲ್ಲ. ಸಿಟ್ಟಿನಲ್ಲಿ ಸೋಲಾರ್ ಹಾಕಿಸಿದೆ. 165 ವ್ಯಾಟಿನ ಎರಡು ಪ್ಯಾನೆಲ್, 12 ವೋಲ್ಟಿನ 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಇನ್ನು ಈ ತೋಟಕ್ಕೆ ನಾನೇ ಇಂಧನ ಮಂತ್ರಿ ಎಂದು ಮೀಸೆ ತಿರುವಿದೆ. ಖಾತೆ ಸಿಕ್ಕ ಮೇಲೆ ತಿಳಿಯಿತು, ಖಜಾನೆ ಖಾಲಿ.

ಲೆಕ್ಕ ಹಾಕಿದೆ. ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಗಂಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀರಿದರೆ ಸೀಸದ ಬ್ಯಾಟರಿ ಅಲ್ಪಾಯುಷಿಯಾಗುತ್ತದೆ. ಉಳಿದದ್ದು 900. ನನ್ನ ಹಳೇ ಡೆಸ್ಕ್‌ಟಾಪು ತಾನೊಂದೇ 120 ವ್ಯಾಟ್ ನುಂಗುವ ಬಕಾಸುರ. ಏಳೂವರೆ ಗಂಟೆ ಕೂತು ಬರೆದರೆ ಪ್ರಬಂಧ ಮುಗಿಯುತ್ತದೋ ಇಲ್ಲವೋ, ಮನೆಯ ಕರೆಂಟಂತೂ ಮುಗಿಯುತ್ತದೆ.

ಅದನ್ನು ಮಾರಿ ರಾಸ್ಪ್‌ಬೆರಿ ಪೈ ತಂದೆ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಇಂಗ್ಲೆಂಡಿನವರು 2012ರಲ್ಲಿ ಬಿಟ್ಟ, ಇಸ್ಪೀಟು ಎಲೆಯಷ್ಟಗಲದ ಕಂಪ್ಯೂಟರು. ಐದು ವ್ಯಾಟಿಗೆ ತೃಪ್ತಿ. ಅದಕ್ಕೂ ಹನ್ನೊಂದು ವರ್ಷ ಮುಂಚೆ, 2001ರಲ್ಲೇ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಜಿನಿಯರುಗಳ ಜೊತೆಗೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ತೋರಿಸಿದ್ದರು. ಹಳ್ಳಿಯವರಿಗೆಂದೇ ಮಾಡಿದ್ದು. ಪಾಪ, ಹಳ್ಳಿಯ ದಾರಿ ಸಿಗಲಿಲ್ಲ.

ಆಮೇಲೆ ನನಗೆ ಜಿಪುಣತನದ ಹುಚ್ಚು ಹಿಡಿಯಿತು. ಈ ಐದು ವ್ಯಾಟ್ ತಂದುಕೊಡುವುದಕ್ಕೆ ನಡುವೆ ಕೂತ ಇನ್ವರ್ಟರು ತಾನೇ ಹದಿನೈದು ಕುಡಿಯುತ್ತದೆಂದು ಗೊತ್ತಾಯಿತು. ಬೆಲ್ಲದ ದಲ್ಲಾಳಿಯೂ ಇಷ್ಟು ಹೊಡೆಯುವುದಿಲ್ಲ! ಅದನ್ನು ಮಿಕ್ಸಿಯಂಥವಕ್ಕಷ್ಟೇ ಬಿಟ್ಟು, ಪುಟ್ಟ ಕನ್ವರ್ಟರ್ ಹಾಕಿ, ಬ್ಯಾಟರಿಯಿಂದ ನೇರವಾಗಿ 5 ವೋಲ್ಟ್ ಎಳೆದೆ. ಉಳಿದದ್ದು ಪರದೆ. ಅದರ ಬೆಳಕನ್ನು ಇಳಿಸುತ್ತಾ ಇಳಿಸುತ್ತಾ ಒತ್ತಕ್ಷರಗಳು ಕಾಣದ ಹಂತಕ್ಕೆ ತಂದೆ. "ಕತೆ ಕಳಿಸಿದ್ದೇನೆ" ಎಂದು ಸಂಪಾದಕರಿಗೆ ಬರೆದೆ ಅಂದುಕೊಂಡಿದ್ದೆ. ಮರುದಿನ ಉತ್ತರ ಬಂತು: "ಕತ್ತೆ ತಲುಪಿತು. ಮುಂದಿನ ತಿಂಗಳು ಬಿಡುತ್ತೇವೆ."

ಇಷ್ಟೆಲ್ಲ ಉಳಿಸಿದರೂ ಫೆಬ್ರುವರಿಯ ಒಂದು ದಿನ ಬ್ಯಾಟರಿ ತುಂಬುವುದೇ ನಿಂತಿತು. ನೆತ್ತಿ ಸುಡುವ ಬಿಸಿಲು. ಹದಿನಾರು ಆಂಪಿಯರ್ ಬರಬೇಕಾದ ಕಡೆ ಎಂಟು. ಮಿಕ್ಸಿಯನ್ನು ಶಂಕಿಸಿದೆ. ನನ್ನಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು, ಶಂಕೆ ವಾಪಸು ತಗೊಂಡೆ. ವೈರನ್ನು ಶಂಕಿಸಿ ಮಂಡ್ಯಕ್ಕೆ ಹೋಗಿ ದಪ್ಪ ವೈರು ತಂದೆ. ಎಂಟು. ಮೂರನೇ ದಿನ ಏಣಿ ಹಾಕಿ ಮೇಲೆ ಹತ್ತಿದೆ.

ಪ್ಯಾನೆಲ್ಲಿನ ಮೇಲೆ ಒಂದು ಹಿಕ್ಕೆ. ಒಂದೇ ಒಂದು. ಆದರೆ ಎಂಥ ಹಿಕ್ಕೆ! ಅಂಗೈಯಗಲ, ಸುಣ್ಣದ ಬಿಳುಪು, ನಡುವೆ ದಪ್ಪ, ಅಂಚಿಗೆ ತೆಳ್ಳಗೆ, ಕೈಪಳಗಿದವರು ಹುಯ್ದ ನೀರುದೋಸೆಯ ಹಾಗೆ. ಒಂದು ಕೋಶವನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು, ಪಕ್ಕದ್ದಕ್ಕೆ ಒಂದು ಹನಿಯೂ ಸಿಡಿದಿರಲಿಲ್ಲ. ಪ್ಯಾನೆಲ್ಲಿನ ಕೋಶಗಳು ಸಕ್ಕರೆ ಕಾರ್ಖಾನೆ ಮುಂದಿನ ಕಬ್ಬಿನ ಗಾಡಿಗಳಂತೆ ಸಾಲುಗಟ್ಟಿ ನಿಂತಿರುತ್ತವೆ. ಮುಂದಿನ ಗಾಡಿಯ ಎತ್ತು ಮಲಗಿತೋ, ಹಿಂದಿನವೆಲ್ಲ ನಿಂತಲ್ಲೇ. ಒಂದು ಕೋಶಕ್ಕೆ ಮಂಕು ಕವಿದರೆ ಸಾಲಿಗೇ ಮಂಕು. ನನ್ನ ಅರ್ಧ ಸಾಮ್ರಾಜ್ಯ ಈ ನೀರುದೋಸೆಯ ಅಡಿಯಲ್ಲಿತ್ತು.

ತಲೆಯೆತ್ತಿದರೆ ಬೇಲಿಯ ಹುಣಸೆಮರದಲ್ಲಿ ಅಪರಾಧಿ. ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಸೆರಗು, ಒಂಟಿಕಾಲಲ್ಲಿ ನಿಂತು ನನ್ನನ್ನು ನೋಡುತ್ತಿತ್ತು. ಕೊಕ್ಕರೆ ಬೆಳ್ಳೂರು ಇಲ್ಲಿಂದ ದೂರವಿಲ್ಲ. ನಾನು ಪೊರಕೆ ಎತ್ತಿ, "ನಿನಗೆ ಇಡೀ ಮದ್ದೂರು ತಾಲ್ಲೂಕು ಇತ್ತಲ್ಲೇ! ಹೊಳೆ ಇತ್ತು, ಗದ್ದೆ ಇತ್ತು! ಈ ಐದಿಂಚು ಜಾಗವೇ ಬೇಕಾಗಿತ್ತೇ?" ಎಂದು ಮಾಳಿಗೆ ಮೇಲಿಂದ ಭಾಷಣ ಶುರುಮಾಡಿದೆ. ಅದು ಕಾಲು ಬದಲಿಸಿತು.

ಕೆಳಗೆ ಪಕ್ಕದ ಹೊಲದವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಏನಣ್ಣ, ತೌರಿಗೆ ಬಾಣಂತನಕ್ಕೆ ಬಂದೋಳ್ನ ಯಾರಾರ ಹಿಂಗ್ ಬಯ್ತಾರಾ? ವಸಿ ಒರಸ್ಕೊ, ಬುಡು."

ಅವನು ತಮಾಷೆ ಮಾಡುತ್ತಿರಲಿಲ್ಲ. ಬೆಳ್ಳೂರಿನ ಕಡೆ ಗೂಡು ಕಟ್ಟಲು ಬರುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಮನೆಮಗಳೆಂದೇ ನೋಡುತ್ತಾರೆ, ಹಿಕ್ಕೆಯನ್ನು ಗೊಬ್ಬರವೆಂದು ಹೊಲಕ್ಕೆ ಹಾಕುತ್ತಾರೆ. ನಾನು ಪೊರಕೆ ಇಳಿಸಿ ಒದ್ದೆಬಟ್ಟೆ ತಗೊಂಡೆ. ಒರೆಸಿ ಇಳಿದರೆ ಹದಿನಾರು ಆಂಪಿಯರ್.

ಅಕ್ಕನ ಮಗ ಬೆಂಗಳೂರಿಂದ ಬಂದಾಗ ಇದನ್ನೆಲ್ಲ ಹೇಳಿದೆ. "ವಾವ್ ಮಾಮ, ಎಷ್ಟು ಸಸ್ಟೇನಬಲ್ಲು" ಎಂದ. ಎಂದವನೇ ಸ್ನಾನ ಮುಗಿಸಿ ಹೇರ್ ಡ್ರೈಯರ್ ಸಿಕ್ಕಿಸಿದ. ಇನ್ವರ್ಟರ್ ಕಿಟಾರನೆ ಕಿರುಚಿ ಪ್ರಾಣ ಬಿಟ್ಟಿತು. ಹೊರಗೆ ಬಿಸಿಲಿತ್ತು, ಗಾಳಿಯಿತ್ತು, ತಲೆಯಲ್ಲಿ ಇದ್ದದ್ದೇ ನಾಲ್ಕು ಕೂದಲು!

ಅವನ ಮೇಲೆ ರೇಗುವುದೂ ಅಷ್ಟು ಸರಿಯಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಹುಟ್ಟಿದ್ದೇ ತಡ, ಸುಮಾರು 147 ಕಿಲೋಮೀಟರು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಜಲಪಾತದ ಸದ್ದು ಕೇಳುವ ಊರುಗಳಲ್ಲಿ ನಮ್ಮಜ್ಜಿಯ ಕಾಲಕ್ಕೂ ಬುಡ್ಡಿ ದೀಪವೇ. ಈಗಲೂ ನನಗೆ ಬುದ್ಧಿ ಹೇಳಿದನಲ್ಲ, ಆ ಪಕ್ಕದ ಹೊಲದವನು, ತ್ರೀ ಫೇಸ್ ರಾತ್ರಿ ಬಂದರೆ ರಾತ್ರಿ ಎರಡಕ್ಕೇ ಎದ್ದು ಗದ್ದೆಗೆ ನೀರು ಹಾಯಿಸಲು ಹೋಗುತ್ತಾನೆ. ಕೈಯಲ್ಲಿ ಟಾರ್ಚು, ಕಬ್ಬಿನ ಸಂದಿಯಲ್ಲಿ ಹಾವು. ಹೋದ ತಿಂಗಳಿಂದ ಅವನ ಟಾರ್ಚು ನಮ್ಮ ಜಗಲಿಯಲ್ಲೇ ಚಾರ್ಜಾಗುತ್ತದೆ. ಅದರ ಲೆಕ್ಕವೊಂದನ್ನು ನಾನು ಬರೆದಿಟ್ಟಿಲ್ಲ.

ಸಂಪಾದಕರೇ, ಈ ಪ್ರಬಂಧಕ್ಕೆ ಮೂರು ಸಂಜೆ, ಒಟ್ಟು 85 ವ್ಯಾಟ್-ಗಂಟೆ ಖರ್ಚಾಗಿದೆ. ಕತ್ತರಿ ಆಡಿಸುವುದಿದ್ದರೆ ಹೇರ್ ಡ್ರೈಯರಿನ ಮೇಲೆ ಆಡಿಸಿ, ಕೊಕ್ಕರೆಯನ್ನು ಮುಟ್ಟಬೇಡಿ. ತೌರಿಗೆ ಬಂದವಳು.