ಟೊಮೆಟೊಗೆ ಸೋತ ವನವೀರರು

ಬೆಂಗಳೂರಿನ ಜೀವವೈವಿಧ್ಯಕ್ಕೆ ಹೊಸ ಪ್ರಭೇದವೊಂದು ಸೇರಿದೆ. ಸೋಮವಾರದಿಂದ ಶುಕ್ರವಾರದವರೆಗೆ ಅದರ ವಾಸ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ. ಶನಿವಾರ ಕೋಳಿ ಕೂಗುವ ಮೊದಲೇ ಹತ್ತಾರು ಜೇಬಿನ ಪ್ಯಾಂಟು ತೊಟ್ಟು ಸಕಲೇಶಪುರದ ಕಡೆಗೆ ವಲಸೆ. ಸೊಂಟದಲ್ಲೊಂದು ಚಾಕು. ಅದನ್ನು ಚಾಕು ಎಂದಿರೋ, ಕೆಟ್ಟಿರಿ. ಅದು ಬುಶ್‌ಕ್ರಾಫ್ಟ್ ನೈಫು. ಕಾಡಿನಲ್ಲಿ ಏನೂ ಇಲ್ಲದೆ ಬದುಕುವ ವಿದ್ಯೆಗೆ ಬೇಕಾದ ಏಕೈಕ ಸಲಕರಣೆ. ಏನೂ ಇಲ್ಲದೆ ಬದುಕುವವನಿಗೆ ಎಪ್ಪತ್ತು ಲೀಟರಿನ ಬೆನ್ನುಚೀಲ ಯಾಕೆ ಎಂದು ಕೇಳಬಾರದು. ಹೋಮ್‌ಸ್ಟೇಯಲ್ಲಿ ಬದುಕುಳಿಯುವ ಪ್ರಶ್ನೆ ನಿಜಕ್ಕೂ ಏಳುವುದು ಮನೆಯಾಕೆ ಮೂರನೆಯ ಸಲ ಹಂದಿಮಾಂಸ ಬಡಿಸಲು ಬಂದಾಗ ಮಾತ್ರ.

ಈ ವನವೀರ ಚಾಕು ಆರಿಸುವ ಕ್ರಮವನ್ನು ನೋಡಬೇಕು. ಹೆಣ್ಣು ನೋಡುವ ಶಾಸ್ತ್ರವೂ ಇಷ್ಟು ದಿನ ಎಳೆಯುವುದಿಲ್ಲ. ತನ್ನ ಗೋತ್ರ ಕೇಳಿದರೆ ಅಮ್ಮನಿಗೆ ಫೋನು ಹಚ್ಚುವವನು ಉಕ್ಕಿನ ಪ್ರವರವನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಾನೆ: 1095, ಡಿ2, 12ಸಿ27, ಎಸ್30ವಿ. ರಾಕ್‌ವೆಲ್ ಗಡಸುತನ (ಎಚ್‌ಆರ್‌ಸಿ) 58ಕ್ಕಿಂತ ಒಂದಂಕ ಕಮ್ಮಿಯಾದರೆ ಸಂಬಂಧ ಮುರಿಯಿತು. ಬೆನ್ನಿನ ದಪ್ಪ 5 ಮಿಲಿಮೀಟರಿಗೆ ಇಳಿಯಕೂಡದು, 6 ಆದರೆ ಇನ್ನೂ ಮೇಲು. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ. ಇನ್ನೂ ಕಾಸು ಉಳಿದಿದ್ದರೆ ‘ಡಮಾಸ್ಕಸ್’, ಅಂದರೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಸಿಡ್ಡಿನಲ್ಲಿ ಅದ್ದಿ ಬರಿಸಿದ ನೀರಲೆಯ ಚಿತ್ತಾರ. ಚಿತ್ತಾರ ಕೊಯ್ಯುವುದಿಲ್ಲ, ಇರಲಿ. ಇಲ್ಲವಾದರೆ ಕಪ್ಪು ಲೇಪ. ಅಲಗು ಫಳಕ್ಕೆಂದು ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂದು. ಪಶ್ಚಿಮ ಘಟ್ಟದಲ್ಲಿ ಶತ್ರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಜಿಗಣೆಗಳಂತೂ ಹೊಳಪು ನೋಡಿ ಬರುವುದಿಲ್ಲ.

ಮೊದಲ ಕಾಳಗ ಟೊಮೆಟೊ ಜೊತೆ. ಸಾರಿಗೆ ನಾಲ್ಕು ಹೆಚ್ಚಿಕೊಡಿ ಎಂದರೆ ಮಹಾಯುಧ ಸಿಪ್ಪೆಯ ಮೇಲೆ ಜಾರುತ್ತದೆ. ಒತ್ತಿದರೆ ಬೀಜವೆಲ್ಲ ಅಂಗಿಯ ಮೇಲೆ. ಕ್ಯಾರೆಟ್ಟು ಕೊಯ್ಯಿಸಿಕೊಳ್ಳುವ ಬದಲು ಟಪ್ಪೆಂದು ಸಿಡಿಯುತ್ತದೆ. ಇದರಲ್ಲಿ ನಿಗೂಢವೇನೂ ಇಲ್ಲ. ಕೊಯ್ಯುವುದು ಬಾಯಿ, ಸರಿಯೇ. ಆದರೆ ಬಾಯಿ ಮಾಡಿದ ಸೀಳಿನಲ್ಲಿ ಹಿಂದಿನ ಮೈಯೆಲ್ಲ ತೂರಬೇಕಲ್ಲ. ಬಾಯಿ ಮುಗಿದೊಡನೆ ಮೈ ಉಬ್ಬಿದರೆ ಅದು ಚಾಕಲ್ಲ, ಬೆಣೆ. ಉಕ್ಕು ಎಂಥ ಕುಲೀನವಾದರೂ ರೇಖಾಗಣಿತದ ಮುಂದೆ ಅದರ ಆಟ ನಡೆಯದು.

ಇದನ್ನು ಹೇಳುವುದರಲ್ಲಿ ನಾನು ಮೊದಲಿಗನಲ್ಲ. ನೆಸ್‌ಮುಕ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲೇ ಅಂಗಡಿಯ ದಪ್ಪ ಬೇಟೆಚಾಕುಗಳನ್ನು ಗೇಲಿ ಮಾಡಿದ್ದಾನೆ. ನೋಡಲು ಭಯಂಕರ, ಕೆಲಸಕ್ಕೆ ದಂಡ ಎಂಬುದು ಅವನ ಮಾತಿನ ಸಾರ. ಅವನ ಬಳಿ ಇದ್ದದ್ದು ತೆಳು ಅಲಗಿನ ಸಣ್ಣ ಚಾಕು, ಒಂದು ಮಡಚು ಚಾಕು, ದೊಡ್ಡ ಕೆಲಸಕ್ಕೆ ಎರಡು ಬಾಯಿಯ ಪುಟ್ಟ ಕೊಡಲಿ. ಆಸಾಮಿ ಕುಳ್ಳ, ಸಣಕಲ. 1883ರಲ್ಲಿ ಹತ್ತೂವರೆ ಪೌಂಡಿನ ದೋಣಿಯಲ್ಲಿ ಅಡಿರಾಂಡ್ಯಾಕ್ ಸೀಮೆಯ ಸರೋವರಗಳನ್ನು 266 ಮೈಲಿ ಸುತ್ತಿ ಬಂದ. ನಮ್ಮ ವೀರನ ಚೀಲದಲ್ಲಿ ಪವರ್‌ಬ್ಯಾಂಕು, ಡ್ರೋನು, ಚಾರ್ಜರುಗಳೇ ಅಷ್ಟು ತೂಗುತ್ತವೆ.

‘ದಪ್ಪ ಇರ್ಲೇಬೇಕು, ಇಲ್ಲಾಂದ್ರೆ ಬ್ಯಾಟನಿಂಗ್ ಹೇಗೆ?’ ಎಂಬುದು ವೀರನ ಬ್ರಹ್ಮಾಸ್ತ್ರ. ಚಾಕಿನ ಬೆನ್ನಿಗೆ ದೊಣ್ಣೆಯಿಂದ ಬಡಿದು ಸೌದೆ ಸೀಳುವುದಕ್ಕೆ ಹಾಗೆನ್ನುತ್ತಾರೆ. ಮನುಷ್ಯ ಕೊಡಲಿ ಕಂಡುಹಿಡಿದ ಸುದ್ದಿ ಇವರಿಗಿನ್ನೂ ತಲುಪಿಲ್ಲ. ಹೋಮ್‌ಸ್ಟೇಯವರು ಕಾಸು ಪಡೆದು ಕೊಡುವ ಸೌದೆ ಮೊದಲೇ ಸೀಳಿದ್ದು. ಸೀಳಿದ್ದನ್ನು ಮತ್ತೆ ಸೀಳಿ, ಅದರಲ್ಲೊಂದನ್ನು ಸುರುಳಿ ಸುರುಳಿಯಾಗಿ ಹೆರೆದು, ಮೇಲೆ ಕಿಡಿ ಉದುರಿಸಿ, ಕೆನ್ನೆ ನೋಯುವಷ್ಟು ಊದುತ್ತಾರೆ. ಉತ್ತರ ಯುರೋಪಿನ ಒದ್ದೆ ಕಾಡಿನಲ್ಲಿ ಮರದೊಳಗಿನ ಒಣ ತಿರುಳು ತಲುಪಲು ಒದಗುವ ಉಪಾಯ ಅದು, ಅಲ್ಲಿ ಜಾಣತನವೇ. ಇಲ್ಲಿ ಅಂಗಳದ ತುಂಬ ಒಣ ತೆಂಗಿನಗರಿ. ಅಷ್ಟೂ ಹೊತ್ತು ನೋಡಿದ ಮನೆಯ ಅಜ್ಜಿ ಕೊನೆಗೆ ಕರುಳು ಚುರುಕ್ಕೆಂದು ಬೆಂಕಿಪೊಟ್ಟಣ ತಂದುಕೊಡುತ್ತಾಳೆ.

ಇನ್ನು ನಿಜವಾದ ಕಾಡಿನ ಮಾತು. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇಂಥ ಕಡೆ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಕಾಲಿಡಬಾರದು ಎನ್ನುತ್ತದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು. ಆಯುಧ ಯಾವುದು ಎಂದು ಹೇಳುವಲ್ಲಿ ಬಂದೂಕು, ಬಿಲ್ಲುಬಾಣ, ವಿಷ, ಉರುಳುಗಳ ಸಾಲಿನಲ್ಲಿ ಚಾಕುವಿನ ಹೆಸರೂ ಇದೆ. ಬೆಂಕಿಯ ಆಟಕ್ಕೆ 30ನೇ ಕಲಮು ಕಾದು ಕೂತಿದೆ. ಕಾಡಿಗೆಂದೇ ಹುಟ್ಟಿದ ಚಾಕು ಎಲ್ಲಿಗೆ ಬೇಕಾದರೂ ಹೋಗಬಹುದು, ಕಾಡೊಂದನ್ನು ಬಿಟ್ಟು! ಶಸ್ತ್ರಾಸ್ತ್ರ ನಿಯಮಗಳೂ ತಮಾಷೆಯಾಗಿವೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದರೆ ಆಯುಧದ ಲೆಕ್ಕ, ಆದರೆ ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಾದರೆ ಬಿಟ್ಟಿದ್ದಾರೆ. ಅಡಕೆ ತೋಟದ ಕತ್ತಿಗೆ ವಿನಾಯಿತಿ ಉಂಟು, ವೀರತ್ವಕ್ಕಿಲ್ಲ.

ಹಾಗಾದರೆ ಕೊಳ್ಳುವುದೇ ಬೇಡವೇ? ಸ್ವಂತ ತೋಟ ಇದ್ದವರು, ಮರದ ಸೌಟು ಕೆತ್ತುವ ಹುಚ್ಚು ಹತ್ತಿದವರು ಧಾರಾಳವಾಗಿ ಕೊಳ್ಳಲಿ. ಸ್ವೀಡನ್ನಿನ ಮೋರಾ ಪಟ್ಟಣದ ಕಡೆಯವರು ತಲೆಮಾರುಗಳಿಂದ ಚಾಕು ಮಾಡುತ್ತಿದ್ದಾರೆ. ಈಗಿನ ಕಂಪನಿಯ ಬೇರು 1891ಕ್ಕೆ ಹೋಗುತ್ತದೆ. ಅವರ ಕಂಪ್ಯಾನಿಯನ್ ಎಂಬ ಚಾಕಿನ ಅಲಗು ಹತ್ತು ಸೆಂಟಿಮೀಟರಿಗೆ ಸ್ವಲ್ಪ ಮೇಲು, ದಪ್ಪ ಬರೀ ಎರಡೂವರೆ ಮಿಲಿಮೀಟರು, ಪ್ಲಾಸ್ಟಿಕ್ ಒರೆ. ಮನೆಮಂದಿಯೆಲ್ಲ ಒಂದು ಸಲ ಹೋಟೆಲಿನಲ್ಲಿ ಉಂಡರೆ ಬರುವ ಬಿಲ್ಲಿನ ಆಸುಪಾಸಿನಲ್ಲಿ ಸಿಗುತ್ತದೆ. ಟೊಮೆಟೊ ತೆಪ್ಪಗೆ ಹೆಚ್ಚಿಸಿಕೊಳ್ಳುತ್ತದೆ. ಬುಶ್‌ಕ್ರಾಫ್ಟ್ ವಿದ್ಯೆಯ ದೊಡ್ಡ ಗುರು, ಕೆನಡಾದ ಮೋರ್ಸ್ ಕೊಚಾನ್ಸ್ಕಿ, ಮೆಚ್ಚಿದ್ದೂ ಈ ಜಾತಿಯ ಅಗ್ಗದ ಚಾಕನ್ನೇ. ವನವೀರ ಮಾತ್ರ ಇದನ್ನು ಒಪ್ಪುವುದಿಲ್ಲ. ಅವನ ತಕರಾರು ಒಂದೇ: ‘ಇದನ್ನ ಸೊಂಟಕ್ಕೆ ಕಟ್ಕೊಂಡ್ರೆ ಫೋಟೋದಲ್ಲಿ ಪ್ಲಂಬರ್ ಥರ ಕಾಣ್ತೀನಿ.’ ಸ್ವೀಡನ್ನಿನಲ್ಲಿ ಇದನ್ನು ಕಟ್ಟಿಕೊಂಡು ಓಡಾಡುವವರು ಬಡಗಿಗಳು, ಕಟ್ಟಡ ಕೆಲಸದವರೇ.

ಫ್ರಾನ್ಸಿನ ಒಪಿನೆಲ್ ಇನ್ನೊಂದು ಒಳ್ಳೆಯ ಬಡವನ ಬಂಧು, 1890ರಿಂದ ಇದೆ, ಮಡಚುವಂಥದ್ದು. ಆದರೆ ಮಲೆನಾಡಿನ ಜುಲೈ ತಿಂಗಳಲ್ಲಿ ಮರದ ಹಿಡಿ ಊದಿಕೊಂಡು, ಆ ಚಾಕನ್ನು ಬಿಡಿಸಲು ಇನ್ನೊಂದು ಚಾಕು ಬೇಕಾದೀತು. ಅದೇ ಜುಲೈಯಲ್ಲಿ ಕಾರ್ಬನ್ ಉಕ್ಕು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಒರೆಸಿ ಎಣ್ಣೆ ಸವರಲು ಸೋಮಾರಿತನವಿದ್ದರೆ ಸ್ಟೇನ್‌ಲೆಸ್ಸೇ ಸೈ.

ಯಾವುದನ್ನೇ ಕೊಂಡರೂ ಮಸೆಯುವ ಕಲ್ಲೊಂದು ಬೇಕು ಎಂದಾಗ ವೀರನ ಮುಖ ಬಾಡುತ್ತದೆ. ಹರಿತವೆಂಬುದು ಕಂಪನಿ ಒಮ್ಮೆ ತುಂಬಿ ಕಳಿಸಿದ ಗುಣ ಎಂದು ಅವನು ತಿಳಿದಿದ್ದಾನೆ. ಮೋರಾದಂಥ ಚಾಕಿನ ಇಳಿಜಾರು ಅಗಲವಾಗಿ, ಚಪ್ಪಟೆಯಾಗಿರುತ್ತದೆ. ಅದನ್ನು ಪೂರ್ತಿ ಕಲ್ಲಿಗೆ ಒರಗಿಸಿ ಎರಡೂ ಮಗ್ಗುಲು ಉಜ್ಜಿದರೆ ಮುಗಿಯಿತು, ಕೋನ ಊಹಿಸುವ ಕಷ್ಟವಿಲ್ಲ. ಆದರೆ ಮಸೆಯುವಾಗ ಗೆಳೆಯರು ವಿಡಿಯೊ ಮಾಡುವುದಿಲ್ಲವಲ್ಲ.

ಇವನು ಒಮ್ಮೆ ಊರ ಆಚಾರ್ರ ಕುಲುಮೆಗೆ ಹೋದರೆ ಹೇಗಿರುತ್ತದೆ?

‘ಅಣ್ಣಾ, ಇದು ಯಾವ ಸ್ಟೀಲು?’

‘ಲಾರಿದು.’

‘ಅಂದ್ರೆ?’

‘ಸ್ಪ್ರಿಂಗ್ ಪ್ಲೇಟು ಮಾರಾಯ್ರೆ. ಗುಜರಿಯಲ್ಲಿ ಸಿಗ್ತದೆ.’

‘ಎಚ್‌ಆರ್‌ಸಿ ಎಷ್ಟಿದೆ?’

‘ಅದೆಂಥದ್ದು ಗೊತ್ತಿಲ್ಲ. ಗಂಟಿದ್ದ ಕೊಂಬೆ ಕಡಿದ್ರೆ ಬಾಯಿ ಮಡಚ್‌ಬಾರ್ದು, ಕಲ್ಲಿಗೆ ತಾಗಿದ್ರೆ ಚಕ್ಕೆ ಹಾರ್‌ಬಾರ್ದು. ಅಷ್ಟು ಹದ ಕೊಟ್ಟಿದ್ದೇನೆ.’

ಗಡಸು ಹೆಚ್ಚಾದರೆ ಚಕ್ಕೆ, ಕಮ್ಮಿಯಾದರೆ ಮಡಚು. ಉಕ್ಕಿನ ಪ್ರವರದ ಅಷ್ಟೂ ಅಂಕಿಗಳು ಸುತ್ತುವುದು ಆಚಾರ್ರು ಹೇಳಿದ ಈ ಎರಡು ಮಾತಿನ ಸುತ್ತಲೇ. ಒಂದು ಗೇಣಿನೊಳಗಿನ ಸಣ್ಣ ಚಾಕು, ಬಾಯಿಯತ್ತ ತೆಳ್ಳಗೆ ಇಳಿಸಿ ಮಾಡಿಕೊಡಿ ಎಂದರೆ ಅವರು ಮಾಡಿಯೂ ಕೊಡುತ್ತಾರೆ. ವೀರ ಕೊಳ್ಳುವುದಿಲ್ಲ, ಡಬ್ಬಿ ಇಲ್ಲ, ಮಾಡೆಲ್ ನಂಬರಿಲ್ಲ, ಮೇಲೆ ತೋಳದ ಮುಖವಿಲ್ಲ.

ಚಿಂತೆ ಬೇಡ, ಸ್ಟಾರ್ಟಪ್ಪಿನವರು ಯಾರಾದರೂ ಈ ಕುಲುಮೆಯ ವಿಳಾಸ ಪತ್ತೆಹಚ್ಚುತ್ತಾರೆ. ಅದೇ ಪ್ಲೇಟು ‘ವಿಂಟೇಜ್ ಟ್ರಕ್ ಸ್ಟೀಲ್’ ಆಗುತ್ತದೆ, ಆಚಾರ್ರು ‘ಮಾಸ್ಟರ್ ಬ್ಲೇಡ್‌ಸ್ಮಿತ್’ ಆಗುತ್ತಾರೆ, ಬೆಲೆಗೆ ಒಂದು ಸೊನ್ನೆ ಅಂಟುತ್ತದೆ. ಆಚಾರ್ರ ಕೈಗೆ ಬರುವ ದುಡ್ಡಿಗೆ ಅಂಟುವುದಿಲ್ಲ. ತೋಳದ ಮುಖದ ಡಬ್ಬಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಎರಡು ಸೂಚನೆಗಳಿರುತ್ತವೆ: ಅಲಂಕಾರಕ್ಕೆ ಮಾತ್ರ, ಮಸೆಯುವ ಕಲ್ಲಿಗೆ ಬೇರೆ ದರ.